ಚಿಟಿಕೆಗೆ ಆರು ಹರದಾರಿ

ದೇವತೆಗಳು ಮನುಷ್ಯರ ಮನೆಗೆ ಮಜ್ಜಿಗೆ ಕೇಳಿಕೊಂಡು ಬರುತ್ತಿದ್ದ ಕಾಲ ಒಂದಿತ್ತು. ಆ ಕಾಲದಲ್ಲಿ, ಏಳು ಗುಡ್ಡಗಳ ಆಚೆ, ಎಂಟನೆಯ ಗುಡ್ಡದ ಈಚೆ, ಕಂಚಿನಕೋಟೆ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಆತುರಸೇನ ಮಹಾರಾಜ.

ಹೆಸರಿಗೆ ತಕ್ಕ ರಾಜ. ಅಕ್ಕಿ ಅರ್ಧ ಬೆಂದರೆ ಸಾಕು, "ಉಳಿದರ್ಧ ಹೊಟ್ಟೆಯಲ್ಲಿ ಬೇಯಲಿ, ಬಡಿಸಿ" ಎನ್ನುತ್ತಿದ್ದ. ಕುದುರೆ ಹೊರಡುವ ಮೊದಲೇ ಇಳಿಯಲು ಒಂದು ಕಾಲು ಎತ್ತುತ್ತಿದ್ದ. ತಡವಾಗಿ ಕೂಗಿತೆಂದು ಅರಮನೆಯ ಹುಂಜವನ್ನು ಎರಡು ಸಲ ಗಡೀಪಾರು ಮಾಡಿದ್ದ. ಹುಂಜ ಎರಡು ಸಲವೂ ಸಂಜೆ ಹೊತ್ತಿಗೆ ತಾನೇ ನಡೆದುಕೊಂಡು ವಾಪಸು ಬಂದಿತ್ತು.

ರಾಜನಿಗೆ ಒಬ್ಬಳೇ ಮಗಳು, ಕುಮುದ್ವತಿ. ಅವಳು ಪಕ್ಕದ ರಾಜ್ಯದ ಯುವರಾಜನನ್ನು ಮೆಚ್ಚಿದ್ದಳು. ಯುವರಾಜನೂ ಅವಳನ್ನು ಮೆಚ್ಚಿದ್ದ. ರಾಜ ಆ ದಿನವೇ ಚಪ್ಪರ ಹಾಕಿಸಿದ. ಆದರೆ ಆಸ್ಥಾನದ ಜೋಯಿಸರು ಜಾತಕ ಬಿಡಿಸಿ, ಕೈಬೆರಳು ಎಣಿಸಿ, ಗಂಟಲು ಸರಿಮಾಡಿಕೊಂಡರು.

"ಮಹಾಪ್ರಭು, ರಾಜಕುಮಾರಿ ಹುಟ್ಟಿದಾಗ ಶನಿ ಯಾವ ಮನೆಯಲ್ಲಿದ್ದನೋ ಅದೇ ಮನೆಗೆ ತಿರುಗಿ ಬರಬೇಕು. ಆಗಲೇ ಮದುವೆ."

"ಬರಲಿ. ಸಂಜೆಯೊಳಗೆ ಬರುತ್ತಾನಾ?"

"ಶನಿ ಒಂದು ಸುತ್ತು ಮುಗಿಸಲು ಇಪ್ಪತ್ತೊಂಬತ್ತೂವರೆ ವರ್ಷ ಬೇಕು ಪ್ರಭು. ರಾಜಕುಮಾರಿಗೆ ಈಗ ಇಪ್ಪತ್ತು. ಇನ್ನು ಒಂಬತ್ತೂವರೆ ವರ್ಷ ಕಾಯಬೇಕು."

ರಾಜ ಸಿಂಹಾಸನದಿಂದ ಹಾರಿ ಎದ್ದ. "ಒಂಬತ್ತೂವರೆ ವರ್ಷವೇ! ಅವನೇನು ನಡೆಯುತ್ತಿದ್ದಾನೋ, ನಿದ್ದೆ ಮಾಡುತ್ತಿದ್ದಾನೋ? ಯಾರಾದರೂ ಹೋಗಿ ಶನಿಯನ್ನು ಓಡಿಸಿ!"

ಸಭೆಯಲ್ಲಿ ಯಾರೂ ಏಳಲಿಲ್ಲ. ಶನಿಯನ್ನು ಓಡಿಸುವುದಿರಲಿ, ಶನಿ ತಮ್ಮ ಕಡೆ ನೋಡದಿದ್ದರೆ ಸಾಕು ಎಂದು ಎಲ್ಲರೂ ನೆಲ ನೋಡುತ್ತಾ ಕೂತರು. ಆಗ ಬಾಗಿಲ ಬಳಿಯಿಂದ ಒಬ್ಬ ಎದ್ದು ಬಂದ. ಸಣಕಲು ಮೈ, ಉದ್ದ ಮೂಗು, ಹೆಗಲ ಮೇಲೆ ಒಂದು ಹಗ್ಗದ ಸುರುಳಿ. ಅವನೇ ಮಾಂತ್ರಿಕ ಕಗ್ಗಂಟಯ್ಯ. ಅವನ ಹಗ್ಗ ನಾರಿನಿಂದ ಹೊಸೆದದ್ದಲ್ಲ. ಜಗಳದಲ್ಲಿ ಹಠಮಾರಿಗಳು ಆಡಿದ ಮಾತುಗಳಿಂದ ಹೊಸೆದದ್ದು. ಹಾಗಾಗಿ ಎಷ್ಟು ಎಳೆದರೂ ಅದು ಮುಗಿಯುತ್ತಿರಲಿಲ್ಲ.

"ಮಹಾರಾಜ, ಗ್ರಹಗಳನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿಬಿಡುತ್ತೇನೆ. ಆಮೇಲೆ ಎಲ್ಲರೂ ಒಂದೇ ವರ್ಷದಲ್ಲಿ ಸುತ್ತು ಮುಗಿಸಲೇಬೇಕು. ಶನಿಯೂ ಅಷ್ಟೇ."

"ಇನ್ನೂ ಕಟ್ಟಿಲ್ಲವೇ?" ಎಂದ ರಾಜ.

ಕುಮುದ್ವತಿ ನಡುವೆ ಬಾಯಿ ಹಾಕಿದಳು. "ಅಪ್ಪಾಜಿ, ಇವನಿಗೆ ಏನು ಕೊಡಬೇಕೆಂದು ಕೇಳಿದಿರಾ?"

"ಅದನ್ನು ಆಮೇಲೆ ಕೇಳೋಣ, ಈಗ ಹೊತ್ತಾಗುತ್ತದೆ" ಎಂದು ರಾಜ ಮಾಂತ್ರಿಕನನ್ನು ಬೆನ್ನು ತಟ್ಟಿ ಕಳಿಸಿದ.

ಕಗ್ಗಂಟಯ್ಯ ಊರ ಹೊರಗಿನ ಕಂಚಿಗುಡ್ಡ ಹತ್ತಿ ಹಗ್ಗ ಬೀಸಿದ. ಹಗ್ಗ ಆಕಾಶಕ್ಕೆ ಹಾರಿತು. ಒಂದು ಕೊನೆ ಸೂರ್ಯನ ಪಕ್ಕದಲ್ಲೇ ಇರುವ ಬುಧನ ಸೊಂಟಕ್ಕೆ ಬಿತ್ತು. ಇನ್ನೊಂದು ಕೊನೆ ಎಲ್ಲರಿಗಿಂತ ದೂರದ ಶನಿಯ ಸೊಂಟಕ್ಕೆ ಬಿತ್ತು. ನಡುವೆ ಕಂಚಿಗುಡ್ಡದ ತುದಿಯಲ್ಲಿ ಭೂಮಿಗೊಂದು ಗಂಟು. ಹೀಗೆ ಮೂರು ಗಂಟು ಬಿದ್ದವು. ಶುಕ್ರ, ಮಂಗಳ, ಗುರು ಈ ಮೂವರ ಕೊರಳಿಗೆ ಬರೀ ಕುಣಿಕೆ ಬಿತ್ತು. ಆರು ಜನವೂ ಒಂದೇ ಸಾಲಿನಲ್ಲಿ ನಿಂತರು.

ಮಾಂತ್ರಿಕ ನೇರವಾಗಿ ಅರಮನೆಗೆ ಬಂದು ಸಿಂಹಾಸನದ ಮೇಲೆ ಕೂತ. "ಈಗ ದಿನ ನನ್ನದು, ವರ್ಷ ನನ್ನದು, ರಾಜ್ಯವೂ ನನ್ನದು. ಬೇಡ ಎನ್ನುವವರು ಮೂರು ಗಂಟನ್ನೂ ಬಿಚ್ಚಿಕೊಳ್ಳಿ. ಒಂದೊಂದು ಗಂಟಿಗೂ ಒಂದೊಂದು ಮೃಗ ಕಾವಲಿದೆ. ಕಟ್ಟಿಸಿಕೊಂಡವರ ನಿಜವಾದ ನಡಿಗೆ ಎಷ್ಟು ಎಂದು ಅದು ಕೇಳುತ್ತದೆ. ಸರಿಯಾಗಿ ಹೇಳಿದರೆ ಗಂಟು ಬಿಚ್ಚುತ್ತದೆ. ಯಾರೇ ತಪ್ಪು ಹೇಳಿದರೂ ಕತ್ತೆಯಾಗುತ್ತಾರೆ."

ಇಷ್ಟಾದರೂ ರಾಜ ಶನಿ ಓಡುತ್ತಾನೆಂದು ಕಾದ. ಶನಿ ಓಡಲಿಲ್ಲ. ದೂರದಲ್ಲಿದ್ದ ಶನಿಯ ದಾರಿ ಬಹಳ ಉದ್ದ. ಅವನು ಎಷ್ಟು ಏದುಸಿರು ಬಿಟ್ಟರೂ ಸಾಲು ಮುಂದೆ ಹೋಗಲಿಲ್ಲ. ಅವನ ಜೊತೆ ದಪ್ಪ ಗುರುವೂ ಹಿಂದೆ ಜಗ್ಗಿದ. ಇವರಿಬ್ಬರ ಭಾರಕ್ಕೆ ಭೂಮಿಯ ನಡಿಗೆಯೂ ನಿಧಾನವಾಯಿತು. ನಡಿಗೆ ನಿಧಾನವಾದ ಭೂಮಿ ಮೆಲ್ಲಗೆ ಸೂರ್ಯನ ಕಡೆಗೆ ಜಾರತೊಡಗಿತು.

ಕಂಚಿನಕೋಟೆಯಲ್ಲಿ ಬಿಸಿಲು ಏರಿತು. ಹಸುಗಳು ಕಾಸಿದ ಹಾಲನ್ನೇ ಕರೆದವು. ಕೋಳಿಗಳು ಬೆಂದ ಮೊಟ್ಟೆ ಇಟ್ಟವು. ಮಾವಿನಕಾಯಿ ಹಣ್ಣಾಗುವ ಬದಲು ಮರದಲ್ಲೇ ಉಪ್ಪಿನಕಾಯಿಯಾಯಿತು. ಮಾಂತ್ರಿಕನ ತಲೆಗೆ ಕಿರೀಟವನ್ನು ಇಕ್ಕಳದಲ್ಲಿ ಹಿಡಿದು ತೊಡಿಸಬೇಕಾಯಿತು. ಮೊದಮೊದಲು ಜನ ನಕ್ಕರು. ಆಮೇಲೆ ಕೆರೆಯ ನೀರು ಕುದಿಯತೊಡಗಿತು, ಮಕ್ಕಳು ನೆರಳಿಗಾಗಿ ಅಳತೊಡಗಿದರು. ಆಗ ಯಾರೂ ನಗಲಿಲ್ಲ.

ಸಿಂಹಾಸನ ಹೋಗಿದ್ದರೂ ರಾಜ ಡಂಗುರ ಹೊಡೆಸಿದ. "ಗಂಟು ಬಿಚ್ಚಿದವರಿಗೆ ಅರ್ಧ ರಾಜ್ಯ!"

ಮೊದಲು ಹೋದವನು ಸೇನಾಪತಿ. ಕಂಚಿಗುಡ್ಡದ ಮೇಲಿನ ಗಂಟಿಗೆ ಒಂದು ಕಲ್ಲಾಮೆ ಕಾವಲಿತ್ತು. "ಭೂಮಿಯ ನಡಿಗೆ ಎಷ್ಟು?" ಎಂದು ಕೇಳಿತು. "ಭೂಮಿ ನಡೆಯುವುದೇ ಇಲ್ಲ, ನನ್ನ ಕಾಲ ಕೆಳಗೇ ಇದೆ" ಎಂದ ಸೇನಾಪತಿ. ಕತ್ತೆಯಾಗಿ ಇಳಿದು ಬಂದ. ಜೋಯಿಸರು ಹೋದರು. "ಅಚಲವಾದದ್ದೇ ಭೂಮಿ" ಎಂದರು. ಅವರೂ ಕತ್ತೆಯಾದರು. ಮಂತ್ರಿ ಹೋದ. ಅವನು ಕತ್ತೆಯಾದ ಮೇಲೂ ಸಭೆಗೆ ಬಂದು ಮೊದಲಿನಂತೆಯೇ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದ. ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ.

ಆ ಊರಲ್ಲಿ ಬಾಳವ್ವ ಎಂಬ ಹೆಂಗಸಿದ್ದಳು. ಸುಗ್ಗಿಯಲ್ಲಿ ಕಣದಲ್ಲಿ ಎತ್ತು ಹೊಡೆಯುವುದು ಅವಳ ಕಸುಬು. ಕಣದ ನಡುವೆ ಮೇಟಿ ಕಂಬ ನೆಟ್ಟು, ಅದಕ್ಕೆ ಎತ್ತುಗಳನ್ನು ಕೊರಳಿಗೆ ಕೊರಳು ಸೇರಿಸಿ ಸಾಲಾಗಿ ಕಟ್ಟಿ, ಸುತ್ತ ನಡೆಸಿ ತೆನೆ ತುಳಿಸುತ್ತಿದ್ದಳು. ಆ ಸಾಲಿಗೆ ಹಂತಿ ಎಂದು ಹೆಸರು. ಅವಳು ಒಂದು ಕೂಗು ಹಾಕಿದರೆ ಮೂರು ಹೊಲದಾಚೆಯ ಎತ್ತೂ ಕಿವಿ ನಿಮಿರಿಸುತ್ತಿತ್ತು.

ಒಂದು ಸಂಜೆ ಬಾಳವ್ವ ಆಕಾಶ ನೋಡಿದಳು. ಗ್ರಹಗಳು ಹಗ್ಗದಲ್ಲಿ ಸಾಲಾಗಿ ನಿಂತಿದ್ದವು. ಅವಳಿಗೆ ಸಿಟ್ಟು ಬಂತು.

"ಯಾವನಪ್ಪಾ ಈ ಹಂತಿ ಕಟ್ಟಿದವನು? ಒಂದು ದಿನವಾದರೂ ಕಣದಲ್ಲಿ ನಿಂತಿದ್ದಾನಾ? ಕೊರಳು ಉಜ್ಜುತ್ತಿದೆ, ಕಾಲು ತೊಡರುತ್ತಿದೆ. ಮೂಕಪ್ರಾಣಿಗಾದರೂ ಹೀಗೆ ಕಟ್ಟುತ್ತಾರಾ?"

ಮಾರನೆಯ ಬೆಳಿಗ್ಗೆ ಎರಡು ರೊಟ್ಟಿ ಕಟ್ಟಿಕೊಂಡು ಗುಡ್ಡ ಹತ್ತಿದಳು. ಕಲ್ಲಾಮೆ ಕತ್ತು ಹೊರಗೆ ಹಾಕಿತು.

"ಭೂಮಿಯ ನಡಿಗೆ ಎಷ್ಟು?"

"ನನಗೇನು ಗೊತ್ತು? ನಡೆಯುವವರನ್ನೇ ಕೇಳಿ ಹೇಳುತ್ತೇನೆ, ತಡಿ" ಎಂದಳು ಬಾಳವ್ವ.

ಆಮೆಗೆ ಆಶ್ಚರ್ಯವಾಯಿತು. ಬಂದವರೆಲ್ಲ ತಮ್ಮ ತಲೆಯಿಂದಲೇ ಉತ್ತರ ತೆಗೆದಿದ್ದರು. ಕೇಳಿ ಹೇಳುತ್ತೇನೆ ಎಂದವರು ಯಾರೂ ಇರಲಿಲ್ಲ. ಬಾಳವ್ವ ಮೊಣಕಾಲೂರಿ ನೆಲಕ್ಕೆ ಕಿವಿ ಹಚ್ಚಿದಳು.

"ತಾಯೀ, ನೀನು ನಡೆಯುತ್ತೀಯಾ?"

ನೆಲದೊಳಗಿಂದ ದಣಿದ ದನಿಯೊಂದು ಬಂತು. "ನಡೆಯುವುದೇನು ಮಗಳೇ, ಓಡುತ್ತೇನೆ. ಹುಟ್ಟಿದಾಗಿನಿಂದ ನಿಮ್ಮೆಲ್ಲರನ್ನೂ ಹೊತ್ತುಕೊಂಡು ಓಡುತ್ತಲೇ ಇದ್ದೇನೆ. ನೀನು ಒಂದು ಚಿಟಿಕೆ ಹೊಡೆಯುವಷ್ಟರಲ್ಲಿ ಆರು ಹರದಾರಿ."

"ಆರು ಹರದಾರಿಯೇ! ಮನೆಯಲ್ಲಿ ನನ್ನ ಗಡಿಗೆಯ ಮಜ್ಜಿಗೆ ಒಂದು ತೊಟ್ಟೂ ಚೆಲ್ಲಿಲ್ಲವಲ್ಲ ತಾಯೀ!"

"ಒಂದೇ ಹದದಲ್ಲಿ ಓಡುತ್ತೇನೆ, ಅದಕ್ಕೇ" ಎಂದಳು ಭೂಮಿತಾಯಿ. "ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ."

ಬಾಳವ್ವ ಸೆರಗಿನಿಂದ ನೆಲ ಸವರಿ, ಎದ್ದು, ಕಲ್ಲಾಮೆಗೆ ಹೇಳಿದಳು. "ಚಿಟಿಕೆಗೆ ಆರು ಹರದಾರಿ."

ಕಲ್ಲಾಮೆ ಪುಡಿಪುಡಿಯಾಗಿ ಉದುರಿತು. ಮೊದಲ ಗಂಟು ಬಿಚ್ಚಿತು. ಭೂಮಿ ಮೈ ಕೊಡವಿಕೊಂಡು ಓಡಲು ಶುರುಮಾಡುವಷ್ಟರಲ್ಲಿ ಬಾಳವ್ವ ಹಗ್ಗಕ್ಕೆ ಜೋತುಬಿದ್ದು ಅದರ ಮೇಲೆ ಹತ್ತಿ ನಿಂತಳು. ಅದು ಮಾಯದ ಹಗ್ಗ. ಒಂದು ಹೆಜ್ಜೆ ಇಟ್ಟರೆ ಲಕ್ಷ ಹರದಾರಿ ದಾಟುತ್ತಿತ್ತು. ಅವಳು ಸೂರ್ಯನ ಕಡೆ ನಡೆದಳು.

ಅಲ್ಲಿ ಬುಧ ಇದ್ದ. ಸಣ್ಣಗೆ, ಕೆಂಪಗೆ, ನಿಂತಲ್ಲೇ ಕುಣಿಯುತ್ತಿದ್ದ. ಅವನ ಗಂಟಿಗೆ ಬೆಂಕಿಯ ಓತಿಕೇತ ಕಾವಲು.

"ಬುಧನ ನಡಿಗೆ ಎಷ್ಟು?"

ಬಾಳವ್ವ ಈ ಸಲ ತಾನೇ ಲೆಕ್ಕ ಹಾಕಿದಳು. ಹಂತಿಯಲ್ಲಿ ಮೇಟಿಗೆ ಹತ್ತಿರದ ಎತ್ತು ಮೆಲ್ಲಗೆ ನಡೆಯುತ್ತದೆ, ಹೊರಗಿನ ಎತ್ತು ಬೇಗ ನಡೆಯುತ್ತದೆ. ಅದು ಅವಳು ಇಪ್ಪತ್ತು ಸುಗ್ಗಿ ಕಂಡ ಮಾತು. ಸೂರ್ಯನೇ ಮೇಟಿ, ಬುಧನೇ ಒಳಗಿನ ಎತ್ತು.

"ಭೂಮಿಗಿಂತ ಮೆಲ್ಲ..." ಎಂದು ಬಾಯಿ ತೆರೆದಳು. ಟಪ್ಪೆಂದು ಅವಳ ಎಡಗಿವಿ ಕತ್ತೆಯ ಕಿವಿಯಾಯಿತು!

ಬಾಳವ್ವ ಥಟ್ಟನೆ ಬಾಯಿ ಮುಚ್ಚಿಕೊಂಡಳು. "ತಡಿ, ತಡಿ! ನಾನಿನ್ನೂ ಮಾತು ಮುಗಿಸಿಲ್ಲ!"

ಓತಿಕೇತ ಕಣ್ಣು ತಿರುಗಿಸಿತು. "ಸರಿ, ಮುಗಿಸು."

"ಬುಧಪ್ಪಾ, ನೀನೇ ಹೇಳೋ ತಮ್ಮಾ, ನಿನ್ನ ನಡಿಗೆ ಎಷ್ಟು?"

ಬುಧ ಉಸಿರು ತೆಗೆಯದೆ ಒಂದೇ ಸಮನೆ ಶುರುಮಾಡಿದ. "ಅಕ್ಕಾ ಅಕ್ಕಾ ಬೇಗ ಬಿಚ್ಚಕ್ಕಾ ಮೆಲ್ಲಗೆ ನಡೆ ಅಂತಾರಲ್ಲ ಮೆಲ್ಲಗೆ ನಡೆದರೆ ಸೂರ್ಯನೊಳಗೇ ಬಿದ್ದುಹೋಗ್ತೀನಿ ಅವನು ಎಳೀತಾನಕ್ಕಾ ಹತ್ತಿರ ಇದ್ದಷ್ಟೂ ಜೋರಾಗಿ ಎಳೀತಾನೆ ಅವನ ಕೈಗೆ ಸಿಗದ ಹಾಗೆ ಓಡಬೇಕು ಚಿಟಿಕೆಗೆ ಹತ್ತು ಹರದಾರಿ ಎಂಬತ್ತೆಂಟು ದಿನಕ್ಕೆ ಒಂದು ಸುತ್ತು ಈಗ ನೋಡು ನನ್ನ ಅಂಗಾಲು ಹೇಗೆ ಸುಟ್ಟಿದೆ!"

ಬಾಳವ್ವ ಬಗ್ಗಿ ನೋಡಿದಳು. ಪಾಪ, ಅಂಗಾಲು ಕರಕಲಾಗಿತ್ತು. ಎಳೆತ ಜೋರಿದ್ದಲ್ಲಿ ಓಟವೂ ಜೋರಿರಬೇಕು. ಇವರೇನು ಕೊರಳಿಗೆ ಕಟ್ಟಿದ ಎತ್ತುಗಳಲ್ಲ, ಇವರ ಲೆಕ್ಕವೇ ಬೇರೆ ಎಂದು ಅವಳಿಗೆ ಹೊಳೆಯಿತು.

"ಭೂಮಿಗಿಂತ ಮೆಲ್ಲಗಲ್ಲ" ಎಂದು ಅವಳು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಜಾಣತನದಿಂದ ಪೂರ್ತಿ ಮಾಡಿದಳು. "ಚಿಟಿಕೆಗೆ ಹತ್ತು ಹರದಾರಿ!"

ಓತಿಕೇತ ಬುಸ್ಸೆಂದು ಹೊಗೆಯಾಯಿತು. ಎರಡನೆಯ ಗಂಟು ಬಿಚ್ಚಿತು. ಬುಧ "ಬರ್ತೀನಕ್ಕಾ" ಎಂದ. 'ಕ್ಕಾ' ಕೇಳಿಸುವಷ್ಟರಲ್ಲಿ ಸೂರ್ಯನ ಆಚೆ ಬದಿಯಲ್ಲಿದ್ದ.

ಬಾಳವ್ವ ಒಂದು ಕತ್ತೆಕಿವಿ ಹೊತ್ತುಕೊಂಡು ಹಗ್ಗದ ಮೇಲೆ ಹಿಂದಕ್ಕೆ, ಹೊರಗಡೆಗೆ ನಡೆದಳು. ಹಗ್ಗ ಸಡಿಲಾಗಿತ್ತು. ದಾರಿಯಲ್ಲಿ ಶುಕ್ರ ಕುಣಿಕೆಯಿಂದ ತಲೆ ಬಿಡಿಸಿಕೊಂಡು, "ನನ್ನ ಕೂದಲು ಕೆದರಿದೆಯಾ?" ಎಂದು ಕೇಳಿದ. "ಚೆನ್ನಾಗೇ ಇದೆ, ನಿನ್ನ ನಡಿಗೆ ಎಷ್ಟಪ್ಪಾ?" "ಏಳು ಹರದಾರಿ" ಎಂದು ತಲೆ ಬಾಚಿಕೊಳ್ಳುತ್ತಲೇ ಓಡಿದ. ಭೂಮಿಯ ಜಾಗ ಖಾಲಿಯಿತ್ತು. ಅದರಾಚೆ ಮಂಗಳ, ಮುಖ ಕೆಂಪಗೆ ಮಾಡಿಕೊಂಡು, "ಐದು! ಯಾಕೆ, ಕಡಿಮೆಯಾಯಿತೇ?" ಎಂದು ಜಗಳಕ್ಕೇ ಬಂದ. ಗುರು ಹೊಟ್ಟೆಯನ್ನು ಕೆಳಗೆ ಜಾರಿದ್ದ ಕುಣಿಕೆಯಿಂದ ಕಷ್ಟಪಟ್ಟು ಹೊರಗೆಳೆದುಕೊಂಡು, "ಮೂರಕ್ಕೆ ಸ್ವಲ್ಪ ಕಡಿಮೆ ತಾಯೀ. ನನಗೆ ಅಷ್ಟು ಸಾಕು" ಎಂದ.

ಹತ್ತು, ಏಳು, ಆರು, ಐದು, ಮೂರಕ್ಕೆ ಕಡಿಮೆ. ಸೂರ್ಯನಿಂದ ದೂರ ಹೋದಷ್ಟೂ ಎಳೆತ ಕಡಿಮೆ, ಓಟವೂ ಕಡಿಮೆ. ಬಾಳವ್ವ ಬೆರಳು ಮಡಿಸುತ್ತಾ ಶನಿಯ ಬಳಿ ಬಂದಳು.

ಅಲ್ಲಿ ಚಳಿಯೋ ಚಳಿ. ಶನಿ ಮೈತುಂಬ ಬಳೆಯಂಥ ಉಂಗುರ ತೊಟ್ಟು ಏದುಸಿರು ಬಿಡುತ್ತಾ ನಿಂತಿದ್ದ. ಅವನ ಗಂಟಿನ ಮೇಲೆ ಮಂಜಿನ ಕರಡಿ ಮಲಗಿತ್ತು.

"ಶನಿಯ ನಡಿಗೆ ಎಷ್ಟು?" ಎಂದು ಆಕಳಿಸಿತು ಕರಡಿ.

"ಶನಿಯಜ್ಜಾ, ನಿನ್ನ ನಡಿಗೆ ಎಷ್ಟು?" ಎಂದು ಕೇಳಿದಳು ಬಾಳವ್ವ.

ಶನಿ ಮೆಲ್ಲಗೆ ತಲೆ ಎತ್ತಿದ. ಮೆಲ್ಲಗೆ ಕಣ್ಣು ಬಿಟ್ಟ. ಮೆಲ್ಲಗೆ ಬಾಯಿ ತೆರೆದ.

"ಎ..."

ಬಾಳವ್ವ ಕಾದಳು. ಒಂದು ರೊಟ್ಟಿ ತಿಂದಳು.

"...ರ..."

ಎರಡನೆಯ ರೊಟ್ಟಿಯನ್ನೂ ತಿಂದಳು. ಅಷ್ಟರಲ್ಲಿ ದೂರದಿಂದ ಧಡಧಡ ಸದ್ದು ಬಂತು. ಹಗ್ಗ ಸಡಿಲಾದದ್ದನ್ನು ಕಂಡ ಕಗ್ಗಂಟಯ್ಯ ಕಿರೀಟ ಸಮೇತ ಭೂಮಿಯಿಂದ ಹಾರಿ ಹಗ್ಗದ ಮೇಲೆ ಓಡಿ ಬರುತ್ತಿದ್ದ.

"ಏ ಹೆಂಗಸೇ! ನಿಲ್ಲಿಸು! ಆ ಮುದುಕನ ಮಾತು ಕೇಳಬೇಡ!"

"ಯಾಕೆ ಕೇಳಬಾರದು? ನಡೆಯುವವನು ಅವನು. ಅವನ ನಡಿಗೆ ಅವನಿಗೆ ಗೊತ್ತಿಲ್ಲವೇ?"

"ಅವನ ನಡಿಗೆ ನಾನು ಹೇಳಿದಷ್ಟು!" ಮಾಂತ್ರಿಕನಿಗೆ ಸಿಟ್ಟು ನೆತ್ತಿಗೇರಿತು. "ಭೂಮಿಯ ಸಾಲಿನಲ್ಲೇ ಅವನೂ ನಡೆಯಬೇಕು. ಒಂದು ವರ್ಷಕ್ಕೆ ಒಂದು ಸುತ್ತು. ಅಂದರೆ ಚಿಟಿಕೆಗೆ ಅರವತ್ತು ಹರದಾರಿ! ಶನಿಯ ನಡಿಗೆ ಅರವತ್ತು!"

ಮಂಜಿನ ಕರಡಿ ಒಂದು ಕಣ್ಣು ತೆರೆದು ಅವನನ್ನು ನೋಡಿತು. "ಯಾರೇ ತಪ್ಪು ಹೇಳಿದರೂ, ಎಂದು ನೀನೇ ಹೇಳಿದ್ದೆಯಲ್ಲ ಸ್ವಾಮೀ" ಎಂದಿತು.

ಮಾಂತ್ರಿಕ "ಅಯ್ಯೋ" ಎನ್ನಲು ಬಾಯಿ ತೆರೆದ. ಹೊರಗೆ ಬಂದದ್ದು ಮಾತ್ರ ಕತ್ತೆಯ ಕೂಗು. ಕಿರೀಟ ಜಾರಿ ಉದ್ದ ಮೂತಿಗೆ ಸಿಕ್ಕಿಕೊಂಡಿತು.

"...ಡು" ಎಂದು ಮುಗಿಸಿದ ಶನಿ.

"ಎರಡು! ಚಿಟಿಕೆಗೆ ಎರಡು ಹರದಾರಿ!" ಎಂದು ಬಾಳವ್ವ ಕೂಗಿದ ಕೂಗಿಗೆ ಕರಡಿ ಕರಗಿ ನೀರಾಯಿತು. ಮೂರನೆಯ ಗಂಟು ಬಿಚ್ಚಿತು. ಹಗ್ಗ ಎಳೆಎಳೆಯಾಗಿ, ಪದಪದವಾಗಿ ಉದುರಿಹೋಯಿತು. "ನಾನೇ ಸರಿ", "ನೀನೇ ತಪ್ಪು", "ನಾನು ಬಿಡಲ್ಲ" ಎಂಬ ಮಾತುಗಳು ಸ್ವಲ್ಪ ಹೊತ್ತು ಆಕಾಶದಲ್ಲಿ ಹಾರಾಡಿ ಮಾಯವಾದವು. ಅವಳ ಕಿವಿ ಮೊದಲಿನಂತಾಯಿತು. ಕಂಚಿನಕೋಟೆಯಲ್ಲಿ ಸೇನಾಪತಿ, ಜೋಯಿಸರು, ಮಂತ್ರಿ ಎಲ್ಲರೂ ಮನುಷ್ಯರಾದರು. ಕಟ್ಟಿದವನು ಮಾತ್ರ ಕತ್ತೆಯಾಗಿಯೇ ಉಳಿದ.

ಬಾಳವ್ವ ಶನಿಯ ಉಂಗುರದ ಮೇಲೆ ಕೂತು ಕೇಳಿದಳು. "ಅಜ್ಜಾ, ನಮ್ಮ ರಾಜಕುಮಾರಿಯ ಮದುವೆಗೆ ನೀನು ಬರುವವರೆಗೆ ಕಾಯಬೇಕಂತೆ. ಹೌದಾ?"

ಶನಿ ಯೋಚಿಸಿದ. ಮೂರು ದಿನ ಯೋಚಿಸಿದ. ಆಮೇಲೆ ಹೇಳಿದ. "ನನಗೆ... ಯಾರೂ... ಕರೆಯೋಲೆ... ಕೊಟ್ಟಿಲ್ಲ. ನನಗಾಗಿ... ಕಾಯುವುದು... ಬೇಡ. ಆ ಮಕ್ಕಳು... ಮದುವೆಯಾಗಲಿ." ಅಷ್ಟು ಹೇಳಿ ತನ್ನ ದಾರಿ ಹಿಡಿದು ಹೊರಟ. ಅವನ ಮುಖದಲ್ಲಿ ನಗು ಮೂಡತೊಡಗಿತ್ತು. ಅದು ಪೂರ್ತಿ ಮೂಡಲು ಇನ್ನೂ ಒಂದು ವಾರ ಬೇಕಿತ್ತು.

ಇನ್ನು ಇಳಿಯುವುದು ಹೇಗೆ? ಹಗ್ಗ ಇರಲಿಲ್ಲ. ಬಾಳವ್ವ ಕತ್ತೆಯ ಬೆನ್ನೇರಿದಳು. ಮಾಂತ್ರಿಕ ಕತ್ತೆಯಾದರೂ ಅವನ ಕಾಲಲ್ಲಿ ಒಂದಿಷ್ಟು ಮಾಯ ಉಳಿದಿತ್ತು. ಅದು ಅವಳನ್ನು ಹೊತ್ತು ಭೂಮಿಯ ದಾರಿಯವರೆಗೆ ಬಂತು. ಭೂಮಿ ಅಲ್ಲಿರಲಿಲ್ಲ, ಓಡಿ ಮುಂದೆ ಹೋಗಿದ್ದಳು. ದಾರಿಯ ಬದಿಯಲ್ಲಿ ನಿಂತು ಕಾದರು. ಕೊನೆಗೆ ನೀಲಿಯಾಗಿ, ದುಂಡಗೆ, ಭೂಮಿತಾಯಿ ಬರುವುದು ಕಾಣಿಸಿತು.

"ತಾಯೀ, ನಿಲ್ಲೂ!" ಎಂದು ಬಾಳವ್ವ ಕೂಗಿದಳು.

"ನಿಲ್ಲಕ್ಕಾಗಲ್ಲ ಮಗಳೇ! ಹಾರಿಕೋ!"

ಬಾಳವ್ವ ಸೀರೆ ಎತ್ತಿ ಸಿಕ್ಕಿಸಿ, ಕತ್ತೆಯ ಬಾಲ ಹಿಡಿದು, ಓಡುವ ಗಾಡಿಗೆ ಹಾರುವಂತೆ ಹಾರಿದಳು. ಇಬ್ಬರೂ ಅರಮನೆಯ ಮದುವೆ ಚಪ್ಪರದ ಮೇಲೆ ಬಿದ್ದರು. ಪುಣ್ಯಕ್ಕೆ ಚಪ್ಪರ ಮೆತ್ತಗಿತ್ತು.

ಬಿಸಿಲು ಇಳಿದಿತ್ತು. ಕೆರೆಯಲ್ಲಿ ಮಕ್ಕಳು ಈಜುತ್ತಿದ್ದರು. ಶನಿಯ ಮಾತು ಕೇಳಿದ ಕುಮುದ್ವತಿ ಬಾಳವ್ವನನ್ನು ಅಪ್ಪಿಕೊಂಡಳು. ಜೋಯಿಸರು ಜಾತಕವನ್ನು ತಿರುಗಿಸಿ ನೋಡಿ, "ಹೌದು, ಹಿಂದಿನ ಪುಟದಲ್ಲಿ ಹಾಗೇ ಇದೆ" ಎಂದರು.

"ಬಾಳವ್ವಾ, ಅರ್ಧ ರಾಜ್ಯ ನಿನ್ನದು" ಎಂದ ರಾಜ. ಅವಳು ಬೇಡವೆನ್ನುತ್ತಾಳೆಂದು ಮಂತ್ರಿ ಕಾದ. ಅವಳು ಬೇಡವೆನ್ನಲಿಲ್ಲ.

"ಸಮತಟ್ಟಾಗಿರುವ ಅರ್ಧ ಕೊಡಿ ಮಹಾಪ್ರಭು. ಕಣ ಮಾಡಲು ಚೆನ್ನಾಗಿರುತ್ತದೆ."

ಮದುವೆಯ ದಿನ ರಾಜ ನಿಂತಲ್ಲಿ ನಿಲ್ಲಲಿಲ್ಲ. ಅಡುಗೆಮನೆಗೆ ಓಡಿದ, ಬಾಗಿಲಿಗೆ ಓಡಿದ, "ಬೇಗ, ಬೇಗ" ಎಂದು ವಾಲಗದವರ ತಲೆ ತಿಂದ. ಬಾಳವ್ವ ಅವನ ತೋಳು ಹಿಡಿದು ಕೂರಿಸಿದಳು.

"ಮಹಾಪ್ರಭು, ಎಲ್ಲಿಗೆ ಓಡುತ್ತೀರಿ? ಸುಮ್ಮನೆ ಕೂತಿದ್ದರೂ ಭೂಮಿತಾಯಿ ನಿಮ್ಮನ್ನು ಹೊತ್ತು ಓಡುತ್ತಿದ್ದಾಳೆ. ಚಿಟಿಕೆಗೆ ಆರು ಹರದಾರಿ."

ರಾಜ ಅವಳನ್ನೇ ನೋಡಿದ. ಒಂದು ಚಿಟಿಕೆ ಹೊಡೆದ. "ಆರು ಹೋಯಿತೇ?"

"ಹೋಯಿತು."

ಇನ್ನೊಂದು ಚಿಟಿಕೆ ಹೊಡೆದ. "ಹನ್ನೆರಡು?"

"ಹನ್ನೆರಡು."

"ಮಲಗಿದ್ದರೂ?"

"ಗೊರಕೆ ಹೊಡೆದರೂ."

ಆತುರಸೇನ ಮಹಾರಾಜ ಜೀವಮಾನದಲ್ಲಿ ಮೊದಲ ಬಾರಿಗೆ ಸಿಂಹಾಸನಕ್ಕೆ ಬೆನ್ನು ಒರಗಿಸಿ ಕೂತ. ಅಳಿಯ ಮಗಳು ಸಪ್ತಪದಿ ತುಳಿಯುವುದನ್ನು ಕಣ್ತುಂಬ ನೋಡಿದ. ಪೂರ್ತಿ ಬೆಂದ ಅನ್ನ ಉಂಡ. ಕಂಚಿನಕೋಟೆಯ ಜನ ಹೊತ್ತಿಗೆ ಸರಿಯಾಗಿ ಬಿತ್ತಿದರು, ಹೊತ್ತಿಗೆ ಸರಿಯಾಗಿ ಬೆಳೆದರು, ಮಕ್ಕಳು ಮೊಮ್ಮಕ್ಕಳೊಂದಿಗೆ ತುಂಬಿ ಬಾಳಿದರು. ಗ್ರಹಗಳು ಯಾರ ಹಂಗೂ ಇಲ್ಲದೆ ತಮ್ಮ ತಮ್ಮ ನಡಿಗೆಯಲ್ಲಿ ನಡೆದವು. ರಾಜ ಮಾತ್ರ ದಿನಾ ಸಂಜೆ ಅಂಗಳದಲ್ಲಿ ಕಾಲು ನೀಡಿ ಕೂರುತ್ತಿದ್ದ. "ಪ್ರಭು, ಏನು ಮಾಡುತ್ತಿದ್ದೀರಿ?" ಎಂದು ಯಾರಾದರೂ ಕೇಳಿದರೆ, ಬೆರಳು ತುಟಿಯ ಮೇಲಿಟ್ಟು ಹೇಳುತ್ತಿದ್ದ:

"ಶ್... ಓಡುತ್ತಿದ್ದೇನೆ."